ಮೀನಿನ ತೊಟ್ಟಿ ಒಡೆದರೆ ವಿಮೆ ಸಿಗುತ್ತದೆಯೇ? ಕೊಪ್ಪಳದ ಒಂದು ಮನೆಯ ಅನುಭವದಿಂದ ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಒಂದು ರಾತ್ರಿ ಎರಡೂಕಾಲಿಗೆ ಕೆಳಮನೆಯ ಅಮ್ಮ ಬಾಗಿಲು ತಟ್ಟಿದರು. "ತಮ್ಮಾ, ನಲ್ಲಿ ತೆರೆದಿಟ್ಟು ಮಲಗಿದ್ದೀಯೇನು? ನಮ್ಮ ಫ್ಯಾನಿನ ಕೊಂಡಿಯಿಂದ ನೀರು ಇಳಿಯುತ್ತಿದೆ" ಎಂದರು. ಅಂದು ನಮ್ಮ ಓಣಿಗೆ ನೀರು ಬಿಡುವ ದಿನವೇ ಅಲ್ಲ. ಪಡಸಾಲೆಗೆ ಬಂದು ದೀಪ ಹಾಕಿದೆ. ನಾಲ್ಕು ಅಡಿಯ ಮೀನಿನ ತೊಟ್ಟಿಯಲ್ಲಿ ನೀರು ಮೊಣಕೈ ಮುಳುಗುವಷ್ಟೂ ಉಳಿದಿರಲಿಲ್ಲ. ಹಿಂಬದಿಯ ಬಲಮೂಲೆಯಲ್ಲಿ ಸಿಲಿಕೋನ್ ಅಂಟು ಗೇಣುದ್ದ ಬಿಟ್ಟುಕೊಂಡಿತ್ತು. ಟಿ.ವಿ. ಇಟ್ಟಿದ್ದ ಪ್ಲೈವುಡ್ ಕಪಾಟಿನ ಬುಡಕ್ಕೆ ನೀರು ನಿಂತಿತ್ತು. ಕಿನ್ನಾಳದಿಂದ ಅಜ್ಜಿ ತಂದಿದ್ದ ಗೌರಮ್ಮನ ಗೊಂಬೆ ಕೆಳಗಿನ ಹಲಗೆಯ ಮೇಲೆ ಕುಳಿತು ನೀರು ಕುಡಿಯುತ್ತಿತ್ತು.

(ಒದ್ದೆ ನೆಲದ ಮೇಲೆ ನಿಂತು ದೀಪದ ಸ್ವಿಚ್ ಒತ್ತಿದ್ದು ಶುದ್ಧ ಮೂರ್ಖತನ. ಆ ವಿಷಯ ಮುಂದೆ ಬರುತ್ತದೆ.)

ಮನೆಗೆ ವಿಮೆ ಇದೆ ಎಂಬ ಧೈರ್ಯ ನನಗಿತ್ತು. ಗೃಹಸಾಲ ಪಡೆಯುವಾಗ ಸಹಿ ಹಾಕಿದ ಹತ್ತಾರು ಕಾಗದಗಳಲ್ಲಿ ಅದೂ ಒಂದು. ಆ ಧೈರ್ಯದಲ್ಲಿ ಅರ್ಧ ಸರಿ, ಅರ್ಧ ಪೊಳ್ಳು ಎಂದು ತಿಳಿಯಲು ಮುಂದಿನ ಒಂದು ತಿಂಗಳು ಹಿಡಿಯಿತು. ಆ ತಿಂಗಳಲ್ಲಿ ಕಲಿತದ್ದನ್ನು, ಕಲಿಯಬೇಕಾಗಿದ್ದ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಡದ ಲೆಕ್ಕ

ಯಾವ ಕಂಪನಿಗೆ ಫೋನ್ ಮಾಡುವ ಮೊದಲೂ ನಿಮ್ಮ ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಿ. ಉದ್ದ, ಅಗಲ, ಎತ್ತರವನ್ನು ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನನ್ನದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ತುಂಬಿದರೆ ಸುಮಾರು 255 ಲೀಟರ್. ಅಂಚಿನಲ್ಲಿ ಎರಡು ಇಂಚು ಬಿಟ್ಟರೂ 225 ಲೀಟರ್ ಆಗುತ್ತದೆ. 15 ಲೀಟರಿನ ಕೊಡವೆಂದರೆ ಹದಿನೈದು ಕೊಡ. ಹದಿನೈದು ಕೊಡ ನೀರನ್ನು ಪಡಸಾಲೆಯ ನಡುವೆ ಒಮ್ಮೆಗೇ ಸುರಿದರೆ ಏನಾದೀತೆಂದು ಊಹಿಸಿ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯ ಬಾಗಿಲಿಗೆ ಹೊಸ್ತಿಲು ಕಟ್ಟಿದ್ದರೆ ಎರಡು ಸೆಂಟಿಮೀಟರ್ ಎತ್ತರಕ್ಕೆ ನೀರು ನಿಲ್ಲುತ್ತದೆ. ಗ್ರಾನೈಟ್ ನೆಲಕ್ಕೆ ಅದರಿಂದ ಏನೂ ಆಗದು. ಪ್ಲೈವುಡ್ ಬುಡಕ್ಕೆ, ಬಾಗಿಲಿನ ಮರದ ಚೌಕಟ್ಟಿಗೆ, ನೆಲದಲ್ಲಿಟ್ಟ ಇನ್ವರ್ಟರಿಗೆ ಅಷ್ಟೇ ಸಾಕು.

ಲೀಟರಿಗೆ ಒಂದು ಕಿಲೋ ತೂಕ. ನೀರಿನ ಜೊತೆ ಗಾಜು, ಕಲ್ಲು, ಸ್ಟ್ಯಾಂಡು ಸೇರಿದರೆ ನಾಲ್ಕಡಿಯ ತೊಟ್ಟಿ ಮುನ್ನೂರು ಕಿಲೋ ಸುಲಭವಾಗಿ ದಾಟುತ್ತದೆ. ಇವೆಲ್ಲ ಆಮೇಲೆ ಕಂಪನಿಗೆ ಬರೆಯುವ ಪತ್ರದಲ್ಲಿ ಬೇಕಾಗುವ ಅಂಕಿಗಳು. ಒಂದು ಚೀಟಿಯಲ್ಲಿ ಬರೆದಿಡಿ.

ಪಾಲಿಸಿ ತೆಗೆದು ಎರಡು ಪದ ಹುಡುಕಿ

ಈಗ ಕಪಾಟಿನಲ್ಲಿರುವ ಪಾಲಿಸಿಯನ್ನು ಹೊರಗೆ ತೆಗೆಯಿರಿ. ಮೊದಲ ಪುಟದಲ್ಲಿ ಯಾವುದಕ್ಕೆ ವಿಮೆ ಎಂದು ಬರೆದಿರುತ್ತದೆ: ಕಟ್ಟಡಕ್ಕೋ, ಮನೆಯೊಳಗಿನ ಸಾಮಾನಿಗೋ, ಎರಡಕ್ಕೋ. ಸಾಲದ ಜೊತೆ ಬಂದ ಪಾಲಿಸಿಗಳಲ್ಲಿ ಬಹಳಷ್ಟು ಬರಿಯ ಕಟ್ಟಡದವು. ಬ್ಯಾಂಕಿಗೆ ಗೋಡೆ ನಿಂತಿದ್ದರೆ ಸಾಕು, ನಿಮ್ಮ ಸೋಫಾದ ಚಿಂತೆ ಅದಕ್ಕೇಕೆ? ನನ್ನದೂ ಅಂಥದೇ. ಹಾಗಾಗಿ ಊದಿಕೊಂಡ ಬಾಗಿಲಿನ ಚೌಕಟ್ಟು ಮತ್ತು ಗೋಡೆಗೆ ಜಡಿದ ಮರದ ಹಲಗೆಗಳು ಲೆಕ್ಕಕ್ಕೆ ಬಂದವು. ಟಿ.ವಿ. ಕಪಾಟು, ಗೊಂಬೆ, ಜಮಖಾನೆ ಬರಲಿಲ್ಲ.

ಈ ಗೆರೆ ಎಲ್ಲಿ ಬೀಳುತ್ತದೆ ಎಂದು ತಿಳಿದಿರಲಿ. ನೆಲಕ್ಕೋ ಗೋಡೆಗೋ ಚಾವಣಿಗೋ ಕಾಯಂ ಆಗಿ ಕೂರಿಸಿದ್ದು ಕಟ್ಟಡದ ಭಾಗ. ಎತ್ತಿ ಬೇರೆಡೆ ಇಡಬಹುದಾದದ್ದು ಸಾಮಾನು. ಗೋಡೆಗೆ ತೂಗುಹಾಕಿದ ಟಿ.ವಿ.ಯಂಥ ವಿದ್ಯುತ್ ಉಪಕರಣ ಮಾತ್ರ ಗೋಡೆಯ ಮೇಲಿದ್ದರೂ ಸಾಮಾನಿನ ಪಟ್ಟಿಗೇ ಸೇರುತ್ತದೆ.

ಎರಡನೆಯದಾಗಿ ಪಾಲಿಸಿಯ ಹೆಸರು ನೋಡಿ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಮನೆ ವಿಮೆಯನ್ನು ಜಾರಿಗೆ ತಂದಿದೆ. ಯಾವ ಕಂಪನಿಯಿಂದ ಕೊಂಡರೂ ಅದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಗಲಭೆ ಹೀಗೆ ಸಾಗುವ ಅದರ ಪಟ್ಟಿಯಲ್ಲಿ ಒಂದು ಸಾಲು ನಮಗೆ ಮುಖ್ಯ: ನೀರಿನ ಟ್ಯಾಂಕು, ಉಪಕರಣ ಮತ್ತು ಕೊಳವೆಗಳು ಒಡೆಯುವುದು ಅಥವಾ ಉಕ್ಕಿ ಹರಿಯುವುದು. ಇದಕ್ಕೂ ಹಿಂದಿನ ಬೆಂಕಿ ವಿಮೆಯ ಪಾಲಿಸಿಗಳಲ್ಲೂ ಹೆಚ್ಚುಕಡಿಮೆ ಇದೇ ಸಾಲು ಇತ್ತು.

ಆ ಸಾಲಿನಲ್ಲಿ ಅಕ್ವೇರಿಯಂ ಎಂಬ ಹೆಸರಿಲ್ಲ. ಸಾಲನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಮಾಳಿಗೆಯ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕು, ಬಚ್ಚಲಿನ ಗೀಸರು, ಗೋಡೆಯೊಳಗಿನ ಪೈಪು. ಆದರೆ ನೀರು ತುಂಬಿಟ್ಟ ಗಾಜಿನ ತೊಟ್ಟಿಯೂ ಟ್ಯಾಂಕೇ, ಅದರ ಫಿಲ್ಟರ್ ಉಪಕರಣವೇ ಎಂದು ವಾದಿಸಲು ಆ ಪದಗಳಲ್ಲಿ ಧಾರಾಳ ಜಾಗವಿದೆ. ನಾನು ವಾದಿಸಿದ್ದೂ ಹಾಗೆಯೇ. ಒಡೆದ ಮೇಲೆ ವಾದಿಸುವುದಕ್ಕಿಂತ ಒಡೆಯುವ ಮೊದಲೇ ಒಂದು ಪತ್ರ ಬರೆದು ಉತ್ತರ ಪಡೆದಿಟ್ಟುಕೊಳ್ಳುವುದು ಎಷ್ಟೋ ಅಗ್ಗ.

ಒಡೆಯಿತೋ, ಉಕ್ಕಿತೋ, ಒಸರಿತೋ

ಇಡೀ ವ್ಯವಹಾರದ ಗಂಟು ಇರುವುದು ಕ್ರಿಯಾಪದದಲ್ಲಿ. ನೀರು ಹೊರಬರುವ ಬಗೆಗಳಿಗೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ ನೋಡಿ: ಒಡೆಯಿತು, ಬಿರಿಯಿತು, ಉಕ್ಕಿತು, ತುಳುಕಿತು, ಸೋರಿತು, ಜಿನುಗಿತು, ಒಸರಿತು. ವಿಮೆಯ ಕಣ್ಣಿನಲ್ಲಿ ಮೊದಲ ಮೂರು ಒಂದು ಕಡೆ, ಕೊನೆಯ ಮೂರು ಇನ್ನೊಂದು ಕಡೆ. ಇದ್ದಕ್ಕಿದ್ದಂತೆ ಆದದ್ದು ಅವಘಡ. ತಿಂಗಳುಗಟ್ಟಲೆ ಜಿನುಗಿ ಗೋಡೆ ಬೂಷ್ಟು ಹಿಡಿದದ್ದು ಸವಕಳಿ ಮತ್ತು ಅಲಕ್ಷ್ಯ. ಮೊದಲನೆಯದಕ್ಕೆ ವಿಮೆ ಇರುವುದು, ಎರಡನೆಯದಕ್ಕೆ ರಿಪೇರಿಯವನು ಇರುವುದು.

ಉಕ್ಕುವುದರ ಬಗ್ಗೆ ಒಂದು ಮಾತು. ನಮ್ಮ ಕಡೆ ನೀರು ಬಿಟ್ಟ ದಿನ ಸಂಪು, ಡ್ರಮ್ಮು, ಬಿಂದಿಗೆ ಎಲ್ಲವೂ ಒಟ್ಟಿಗೇ ತುಂಬಬೇಕು. ತೊಟ್ಟಿಗೆ ಪೈಪ್ ಇಳಿಬಿಟ್ಟು ಸಂಪಿನ ಕಡೆ ಹೋದವರು ಅದನ್ನು ಮರೆಯುವುದು ಸಹಜ. ಹಾಗೆ ಉಕ್ಕಿ ಹರಿದರೆ ವಿಮೆ ಕೈಬಿಡುತ್ತದೆಯೇ? ಪಾಲಿಸಿ ಹೊರಗಿಡುವುದು ಬೇಕೆಂದೇ ಮಾಡಿದ ಕೆಲಸವನ್ನು. ಮರೆವು ಆ ಸಾಲಿಗೆ ಸೇರದು. ಆದರೂ ಮನೆಯನ್ನು ತಕ್ಕಮಟ್ಟಿಗೆ ಜೋಪಾನ ಮಾಡುವ ಹೊಣೆ ನಿಮ್ಮದೇ ಎಂದೂ ಪಾಲಿಸಿಯಲ್ಲಿ ಬರೆದಿರುತ್ತದೆ. ವರ್ಷಕ್ಕೊಮ್ಮೆ ಮರೆತರೆ ಮರೆವು, ತಿಂಗಳಿಗೊಮ್ಮೆ ಮರೆತರೆ ಅದಕ್ಕೆ ಬೇರೆ ಹೆಸರಿದೆ.

ವಿದ್ಯುತ್ ಉಪಕರಣಗಳಲ್ಲೂ ಇದೇ ಸೂಕ್ಷ್ಮ. ಶಾರ್ಟ್ ಸರ್ಕ್ಯೂಟ್ ಆಗಿ, ತಾನೇ ಕಾದು, ವಿದ್ಯುತ್ ಸೋರಿ ಕೆಟ್ಟ ಯಂತ್ರಕ್ಕೆ ಆದ ಹಾನಿಯನ್ನು ಮನೆ ವಿಮೆ ಹೊರಗಿಡುತ್ತದೆ. ತೊಟ್ಟಿಯ ನೀರಿನಲ್ಲಿ ನೆನೆದು ಕೆಟ್ಟದ್ದು ಬೇರೆ ಮಾತು. ಮೆಕ್ಯಾನಿಕ್ ಚೀಟಿಯಲ್ಲಿ ಅಭ್ಯಾಸಬಲದಿಂದ 'ಬೋರ್ಡ್ ಶಾರ್ಟ್' ಎಂದು ಗೀಚುತ್ತಾನೆ. ಬಿಚ್ಚಿ ನೋಡಿದಾಗ ಒಳಗೆ ನೀರಿದ್ದರೆ ಅದನ್ನೇ ಬರೆಯಲು ಹೇಳಿ, ಒಳಗಿನ ಫೋಟೋ ತೆಗೆಸಿಕೊಳ್ಳಿ. ಇಲ್ಲದ್ದನ್ನು ಬರೆಸಬೇಡಿ. ಸುಳ್ಳು ಸಿಕ್ಕಿಬಿದ್ದರೆ ನಿಜವಾದ ಹಾನಿಯ ಹಣವೂ ಹೋಗುತ್ತದೆ.

ಬರೆದು ಕೇಳಿ, ಬರೆದ ಉತ್ತರ ಪಡೆಯಿರಿ

ಏಜೆಂಟ್ ಫೋನಿನಲ್ಲಿ "ಎಲ್ಲ ಬರುತ್ತದೆ ಸರ್, ನೀವು ನಿಶ್ಚಿಂತೆಯಿಂದಿರಿ" ಎನ್ನುತ್ತಾರೆ. ಅವರು ಒಳ್ಳೆಯವರೇ ಇರಬಹುದು, ಆದರೆ ಹಾನಿಯನ್ನು ಅಳೆಯಲು ಕಂಪನಿ ನೇಮಿಸುವ ಸರ್ವೇಯರ್ ಮುಂದೆ ಆ ಮಾತಿಗೆ ಬೆಲೆಯಿಲ್ಲ. ಕಂಪನಿಯ ಶಾಖೆಗೆ ಅಥವಾ ಇ-ಮೇಲಿಗೆ ಹೀಗೊಂದು ಪತ್ರ ಕಳಿಸಿ. ಕನ್ನಡದಲ್ಲೇ ಬರೆಯಬಹುದು.

"ನನ್ನ ಪಾಲಿಸಿ ಸಂಖ್ಯೆ ಇಷ್ಟು. ಮನೆಯ ಮೊದಲ ಮಹಡಿಯ ಪಡಸಾಲೆಯಲ್ಲಿ 4 ಅಡಿ ಉದ್ದದ, ಸುಮಾರು 225 ಲೀಟರ್ ನೀರು ಹಿಡಿಯುವ ಗಾಜಿನ ಮೀನಿನ ತೊಟ್ಟಿ ಇದೆ. ಈ ತೊಟ್ಟಿಯಾಗಲಿ ಅದರ ಫಿಲ್ಟರ್ ಕೊಳವೆಯಾಗಲಿ ಹಠಾತ್ತನೆ ಒಡೆದು ಅಥವಾ ಉಕ್ಕಿ ಹರಿದು ಕಟ್ಟಡಕ್ಕೂ ಸಾಮಾನಿಗೂ ಹಾನಿಯಾದರೆ, ನೀರಿನ ಟ್ಯಾಂಕು, ಉಪಕರಣ ಮತ್ತು ಕೊಳವೆಗಳ ಒಡೆತ ಎಂಬ ಬಾಬತ್ತಿನಲ್ಲಿ ಅದು ಸೇರುತ್ತದೆಯೇ? ಒಡೆದ ತೊಟ್ಟಿಯ ಬೆಲೆ ಸೇರುತ್ತದೆಯೇ? ಕೆಳಮನೆಯವರಿಗೆ ಆಗುವ ಹಾನಿಗೆ ನನ್ನ ಹೊಣೆ ಸೇರುತ್ತದೆಯೇ? ಸೇರದಿದ್ದರೆ ಅದಕ್ಕಾಗಿ ಯಾವ ಹೆಚ್ಚುವರಿ ರಕ್ಷಣೆ ಪಡೆಯಬೇಕು? ದಯವಿಟ್ಟು ಲಿಖಿತ ಉತ್ತರ ನೀಡಿ."

ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿರುವುದಕ್ಕೆ ಕಾರಣವಿದೆ. ನೀರಿನಿಂದಾದ ಹಾನಿ, ತೊಟ್ಟಿಯ ಸ್ವಂತ ಹಾನಿ, ಪರರ ಹಾನಿ, ಇವು ಮೂರು ಬೇರೆ ಖಾತೆಗಳು. ಒಟ್ಟಿಗೆ ಕೇಳಿದರೆ "ಪಾಲಿಸಿ ಷರತ್ತುಗಳಿಗೆ ಒಳಪಟ್ಟು" ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಅಂಟು ಹಳೆಯದಾಗಿ ಬಿಟ್ಟಿದ್ದರೆ ತೊಟ್ಟಿಯ ಬೆಲೆಗೆ ತಕರಾರು ಬಂದೇ ಬರುತ್ತದೆ ಎಂದುಕೊಳ್ಳಿ. ಮೀನುಗಳ ಬೆಲೆಯನ್ನಂತೂ ಲೆಕ್ಕಕ್ಕೆ ಹಿಡಿಯಬೇಡಿ. ನನ್ನ ಎರಡು ಆಸ್ಕರ್ ಮೀನು ಬಕೆಟಿನಲ್ಲಿ ಬದುಕಿಕೊಂಡವು. ಸತ್ತಿದ್ದರೆ ಯಾವ ಕಾಲಮ್ಮಿನಲ್ಲಿ ಬರೆಯುತ್ತಿದ್ದೆನೋ.

ಎಷ್ಟು ಮೊತ್ತಕ್ಕೆ

ಭಾರತ್ ಗೃಹ ರಕ್ಷಾದಲ್ಲಿ ಕಟ್ಟಡದ ವಿಮಾ ಮೊತ್ತವೆಂದರೆ ಮನೆಯ ಮಾರುಕಟ್ಟೆ ಬೆಲೆಯಲ್ಲ, ಅದನ್ನು ಮತ್ತೆ ಕಟ್ಟಲು ತಗಲುವ ಖರ್ಚು. ಕಾರ್ಪೆಟ್ ಏರಿಯಾವನ್ನು, ಅಂದರೆ ಗೋಡೆಗಳ ಒಳಗಿನ ಬಳಕೆಯ ನೆಲದ ವಿಸ್ತೀರ್ಣವನ್ನು, ಚದರಡಿಯ ನಿರ್ಮಾಣ ವೆಚ್ಚದಿಂದ ಗುಣಿಸಿದರಾಯಿತು. ಉದಾಹರಣೆಗೆ 1,000 ಚದರಡಿಗೆ 1,800 ರೂಪಾಯಿಯಂತೆ ಹಿಡಿದರೆ 18 ಲಕ್ಷ. ನಿವೇಶನದ ಬೆಲೆ ಇದರಲ್ಲಿ ಸೇರದು. ನೀರು ಎಷ್ಟೇ ಹರಿದರೂ ನಿವೇಶನ ಅಲ್ಲೇ ಇರುತ್ತದಲ್ಲ.

ಕಟ್ಟಡ ಮತ್ತು ಸಾಮಾನು ಎರಡಕ್ಕೂ ಸೇರಿ ಪಾಲಿಸಿ ಪಡೆದರೆ, ಪಟ್ಟಿ ಕೊಡದಿದ್ದರೂ ಕಟ್ಟಡದ ಮೊತ್ತದ ಶೇ 20ರಷ್ಟು ಸಾಮಾನಿಗೆ ತಾನಾಗಿ ಸಿಗುತ್ತದೆ. ಗರಿಷ್ಠ ಮಿತಿ 10 ಲಕ್ಷ. ಮೇಲಿನ ಲೆಕ್ಕದಲ್ಲಿ 3.6 ಲಕ್ಷ. ಹೆಚ್ಚು ಬೇಕಿದ್ದರೆ ವಿವರ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಬಾಡಿಗೆಗೆ ಇರುವವರು ಸಾಮಾನಿಗೆ ಮಾತ್ರ ಪಾಲಿಸಿ ಪಡೆಯಬಹುದು. ಕಟ್ಟಡ ಮಾಲೀಕರ ಚಿಂತೆ, ಸೋಫಾ ನಿಮ್ಮ ಚಿಂತೆ.

ಈ ಪಾಲಿಸಿಯ ಒಂದು ಗುಣ ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಬೇರೆ ಕೆಲವು ಪಾಲಿಸಿಗಳಲ್ಲಿ 6 ಲಕ್ಷದ ಸಾಮಾನಿಗೆ 3 ಲಕ್ಷದ ವಿಮೆ ಮಾಡಿಸಿದ್ದರೆ, 40 ಸಾವಿರದ ಹಾನಿಗೆ 20 ಸಾವಿರ ಮಾತ್ರ ಕೊಡುತ್ತಾರೆ. ಕಡಿಮೆ ವಿಮೆ ಮಾಡಿಸಿದ ತಪ್ಪಿಗೆ ಅದು ದಂಡ. ಭಾರತ್ ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ. ಕಟ್ಟಡದ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ, ಹತ್ತು ವರ್ಷದವರೆಗೆ ಒಮ್ಮೆಗೇ ಪಾಲಿಸಿ ಪಡೆಯಬಹುದು.

ಇನ್ನು ಗೊಂಬೆಯ ವಿಷಯ. ಕಿನ್ನಾಳದ ಗೊಂಬೆ ಬರಿಯ ಮರವಲ್ಲ. ಹಗುರ ಮರದ ಮೇಲೆ ಹುಣಸೆಬೀಜದ ಅಂಟು, ಮರದ ಹೊಟ್ಟು, ಗೋಣಿನಾರು ಕಲಸಿದ ಕಿಟ್ಟವನ್ನು ಮೆತ್ತಿ, ಅದರ ಮೇಲೆ ಬಣ್ಣ ಕೊಡುತ್ತಾರೆ. ಆ ರಾತ್ರಿ ಗೌರಮ್ಮನ ಸೀರೆಯ ನೆರಿಗೆಗಳು ನೆನೆದ ಹಪ್ಪಳದಂತೆ ಉಬ್ಬಿದ್ದವು. ಬೆರಳು ತಾಗಿಸಿದರೆ ಕುಂಕುಮದ ಬಣ್ಣ ಕೈಗೆ ಬರುತ್ತಿತ್ತು. ಇಂಥ ಕಲಾವಸ್ತು, ಆಭರಣ, ಬೆಳ್ಳಿ ಸಾಮಾನು ಸಾಮಾನ್ಯ ಸಾಮಾನಿನ ಲೆಕ್ಕಕ್ಕೆ ಸೇರುವುದಿಲ್ಲ. 'ಬೆಲೆಬಾಳುವ ವಸ್ತುಗಳು' ಎಂಬ ಐಚ್ಛಿಕ ವಿಭಾಗದಲ್ಲಿ ಒಂದೊಂದನ್ನೂ ಬೆಲೆಯೊಂದಿಗೆ ನಮೂದಿಸಬೇಕು. ಒಟ್ಟು ಮೊತ್ತ 5 ಲಕ್ಷದೊಳಗಿದ್ದು, ಒಂದು ವಸ್ತುವಿನ ಬೆಲೆ 1 ಲಕ್ಷ ಮೀರದಿದ್ದರೆ ಮೌಲ್ಯಮಾಪನ ಪ್ರಮಾಣಪತ್ರವೂ ಬೇಡ. ಅಷ್ಟು ಸುಲಭದ ಕೆಲಸವನ್ನು ನಾನು ಮಾಡಿರಲಿಲ್ಲ.

ಕೆಳಮನೆಯ ಚಾವಣಿ ಯಾರ ಲೆಕ್ಕ?

ನಿಮ್ಮ ಮನೆ ವಿಮೆ ನಿಮ್ಮ ಮನೆಯದು. ಕೆಳಗಿನವರ ಚಾವಣಿ, ಹಾಸಿಗೆ, ಫ್ರಿಜ್ಜು ನಿಮ್ಮ ಆಸ್ತಿಯಲ್ಲ. ಅವರಿಗೆ ನೀವು ಕೊಡಬೇಕಾಗಿ ಬರುವ ಪರಿಹಾರಕ್ಕೆ ಬೇರೆಯದೇ ರಕ್ಷಣೆ ಬೇಕು. ಅದರ ಹೆಸರು ಸಾರ್ವಜನಿಕ ಹೊಣೆಗಾರಿಕೆ ವಿಮೆ. ಗೃಹಸ್ಥರಿಗಾಗಿ ಮಾರುವ ಪ್ಯಾಕೇಜ್ ಪಾಲಿಸಿಗಳಲ್ಲಿ ಬೆಂಕಿ, ಕಳ್ಳತನ, ಉಪಕರಣ ಕೆಡುವುದು ಮುಂತಾದವುಗಳ ಜೊತೆ ಇದೂ ಒಂದು ವಿಭಾಗವಾಗಿರುತ್ತದೆ. ಮಹಡಿ ಮನೆಯಲ್ಲಿ ತೊಟ್ಟಿ ಇಟ್ಟವರು ಬೇರೆ ಯಾವ ವಿಭಾಗ ಬಿಟ್ಟರೂ ಇದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಪ್ಯಾಕೇಜಿನಲ್ಲಿ ಗಾಜಿನ ವಿಮೆ ಎಂಬ ವಿಭಾಗ ಕಂಡು ಹಿಗ್ಗಬೇಡಿ. ಅದು ಕಟ್ಟಡಕ್ಕೆ ಕೂರಿಸಿದ ಗಾಜಿಗೆ ಇರುವುದು, ತೊಟ್ಟಿಗಲ್ಲ.

ಕೆಳಮನೆಯವರಿಗೆ ತಮ್ಮದೇ ವಿಮೆ ಇದ್ದರೆ ಅವರು ಅದರಿಂದ ಹಣ ಪಡೆಯಬಹುದು. ಆದರೆ ಹಾಗೆ ಕೊಟ್ಟ ಕಂಪನಿ ಅವರ ಜಾಗದಲ್ಲಿ ನಿಂತು ನಿಮ್ಮಿಂದ ವಸೂಲಿಗೆ ಬರಬಹುದು. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಇನ್ನೊಂದು ಎಚ್ಚರಿಕೆ: ಹೊಣೆಗಾರಿಕೆ ವಿಮೆ ಇದ್ದವರು ಕಂಪನಿಗೆ ಕೇಳದೆ "ಎಲ್ಲ ನಾನೇ ಕಟ್ಟಿಕೊಡುತ್ತೇನೆ" ಎಂದು ಬರೆದುಕೊಡಬಾರದು. ಕ್ಷಮೆ ಕೇಳಿ, ನೀರು ಒರೆಸಲು ಹೋಗಿ, ಚಹಾ ಮಾಡಿ ಕೊಡಿ. ಕಾಗದಕ್ಕೆ ಮಾತ್ರ ಕೈ ಹಾಕಬೇಡಿ.

ತೊಟ್ಟಿಯ ಜೋಪಾನವೇ ಪುರಾವೆ

ಕೊಳವೆಬಾವಿಯ ಗಡಸು ನೀರಿಗೆ ಒಂದು ಗುಣವಿದೆ. ಎಲ್ಲಿ ಜಿನುಗುತ್ತದೋ ಅಲ್ಲಿ ಒಣಗಿ ಬಿಳಿಯ ಉಪ್ಪಿನ ಗೆರೆ ಬಿಡುತ್ತದೆ. ಕೊಡದ ತಳದಲ್ಲಿ, ನಲ್ಲಿಯ ಬಾಯಲ್ಲಿ ಅದನ್ನು ದಿನವೂ ನೋಡುವ ನಾವು ತೊಟ್ಟಿಯ ಅಂಚಿನಲ್ಲಿ ಕಂಡರೂ ಏನೂ ಅಂದುಕೊಳ್ಳುವುದಿಲ್ಲ. ಅಂಟಿನ ಉದ್ದಕ್ಕೂ ಬಿಳಿ ಗೆರೆ ಕಂಡರೆ ಅದು ಒಸರುವಿಕೆಯ ದಿನಚರಿ ಎಂದು ತಿಳಿಯಿರಿ. ಆ ದಿನವೇ ಮೀನು ಬೇರೆ ಪಾತ್ರೆಗೆ ಹಾಕಿ, ತೊಟ್ಟಿ ಖಾಲಿ ಮಾಡಿ, ಹಳೆಯ ಅಂಟನ್ನು ಬ್ಲೇಡಿನಿಂದ ಪೂರ್ತಿ ಕೆರೆದು ಹೊಸದು ಹಾಕಿಸಿ. ಹಳೆಯದರ ಮೇಲೆ ಹೊಸದು ಹಚ್ಚಿದರೆ ಹಿಡಿಯುವುದಿಲ್ಲ.

ಉಳಿದ ಜೋಪಾನ ಬೇಗ ಹೇಳಿ ಮುಗಿಸುತ್ತೇನೆ. ಸ್ಟ್ಯಾಂಡು ಸಮತಟ್ಟಾಗಿರಲಿ, ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಇರಲಿ. ಒಂದು ಮೂಲೆ ಕೂದಲೆಳೆಯಷ್ಟು ಎದ್ದಿದ್ದರೂ ಗಾಜಿನ ಮೇಲೆ ಹಗಲಿರುಳು ಒತ್ತಡ ಬೀಳುತ್ತದೆ. ಗಾಳಿ ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಆ ಸಣ್ಣ ಕೊಳವೆಯಲ್ಲೇ ಹಿಮ್ಮುಖವಾಗಿ ಇಳಿದು ನೆಲಕ್ಕೆ ಬರಬಹುದು. ಪಂಪನ್ನು ತೊಟ್ಟಿಗಿಂತ ಮೇಲಿಡಿ, ಇಲ್ಲವೇ ಒಮ್ಮುಖ ವಾಲ್ವ್ ಹಾಕಿ, ಅದಕ್ಕೆ ಹೆಚ್ಚು ಖರ್ಚಿಲ್ಲ. ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿದು ಹೀಟರ್ ಗಾಳಿಗೆ ಬಂದರೆ ಅದರ ಗಾಜು ಬಿರಿಯುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿಯ ಬಿಸಿಲಿರುವಾಗ ಮೀನಿಗೆ ಹೀಟರ್ ಯಾಕೆ ಬೇಕು ಎಂದು ಕೇಳಬಹುದು. ಚಳಿಗಾಲದಲ್ಲಿ ಹಾಕಿದ್ದನ್ನು ತೆಗೆಯಲು ಮರೆತವರೇ ಹೆಚ್ಚು.

ತೊಟ್ಟಿ ಕೊಂಡ ಬಿಲ್ಲು, ಅಂಟು ಹಾಕಿಸಿದ ರಶೀದಿ, ಆರು ತಿಂಗಳಿಗೊಮ್ಮೆ ನಾಲ್ಕು ಮೂಲೆಗಳ ಫೋಟೋ, ಇಷ್ಟನ್ನು ಫೋನಿನಲ್ಲಿ ಒಂದೇ ಕಡೆ ಇಡಿ. ಯಾಕೆಂದು ಸರ್ವೇಯರ್ ಬಂದಾಗ ತಿಳಿಯುತ್ತದೆ.

ಒಡೆದ ರಾತ್ರಿ ಮಾಡಬೇಕಾದದ್ದು

ಮೊದಲು ಕಾಲಿಗೆ ಚಪ್ಪಲಿ ಹಾಕಿ, ಒಣ ನೆಲದ ಮೇಲೆ ನಿಂತು ಮೇನ್ ಸ್ವಿಚ್ ಆಫ್ ಮಾಡಿ. ಮೇನ್ ಇರುವ ಜಾಗವೇ ಒದ್ದೆಯಾಗಿದ್ದರೆ ಹತ್ತಿರ ಹೋಗಬೇಡಿ, ಎಲೆಕ್ಟ್ರಿಷಿಯನ್ ಕರೆಯಿರಿ. ಬೆಳಕಿಗೆ ಮೊಬೈಲಿನ ಟಾರ್ಚ್ ಸಾಕು. ಮಕ್ಕಳನ್ನು ಒಡೆದ ಗಾಜಿನಿಂದ ದೂರ ಇಡಿ. ಮೀನನ್ನು ತೊಟ್ಟಿಯಲ್ಲೇ ಉಳಿದ ನೀರಿನ ಜೊತೆ ಬಕೆಟಿಗೆ ಹಾಕಿ, ನಲ್ಲಿಯ ಹೊಸ ನೀರು ಬೇಡ.

ಆಮೇಲೆ, ಒರೆಸುವ ಮೊದಲು, ಎರಡು ನಿಮಿಷ ವೀಡಿಯೊ ಮಾಡಿ. ಬಾಗಿಲಿನಿಂದ ಶುರು ಮಾಡಿ ತೊಟ್ಟಿಯವರೆಗೆ ನಿಧಾನವಾಗಿ ಹೋಗಿ. ಅಂಟು ಬಿಟ್ಟ ಜಾಗ, ನೀರು ನಿಂತ ಎತ್ತರ, ನೆನೆದ ಒಂದೊಂದು ವಸ್ತು, ಕೆಳಮನೆಯ ಚಾವಣಿ, ಎಲ್ಲ ಬರಲಿ. ಹೊತ್ತು ಎಷ್ಟಾಗಿದೆ ಎಂದು ಬಾಯಲ್ಲಿ ಹೇಳಿ. ಎರಡು ನಿಮಿಷ ಮುಗಿದ ಮೇಲೆ ಒರೆಸಲು ಕೂತುಬಿಡಿ. "ಸರ್ವೇಯರ್ ನೋಡಲಿ" ಎಂದು ನೀರನ್ನು ಹಾಗೆಯೇ ಬಿಡುವವರಿದ್ದಾರೆ. ಅದು ತಪ್ಪು. ಹಾನಿ ಹೆಚ್ಚಾಗದಂತೆ ತಡೆಯುವುದು ನಿಮ್ಮ ಹೊಣೆ, ನಿಂತ ನೀರಿನಿಂದ ಬೆಳೆದ ಹಾನಿಯನ್ನು ಕಂಪನಿ ಕೇಳುವುದಿಲ್ಲ.

ಒರೆಸಬೇಕು, ಎಸೆಯಬಾರದು. ಊದಿದ ಹಲಗೆ, ಕೆಟ್ಟ ಉಪಕರಣ, ಒಡೆದ ಗಾಜು, ಬಿಟ್ಟ ಅಂಟಿನ ಪಟ್ಟಿ ಎಲ್ಲವೂ ಒಂದು ಮೂಲೆಯಲ್ಲಿ ಇರಲಿ. ಮಾರನೆಯ ಬೆಳಿಗ್ಗೆ ಗುಜರಿಯವನು ಬಂದನೆಂದು ಕೊಟ್ಟುಬಿಟ್ಟರೆ ಪುರಾವೆಯನ್ನೇ ಮಾರಿದಂತೆ.

ಅದೇ ದಿನ ಕಂಪನಿಯ ಸಹಾಯವಾಣಿಗೆ ತಿಳಿಸಿ ಕ್ಲೈಮ್ ಸಂಖ್ಯೆ ಪಡೆಯಿರಿ. ಫೋನಿನಲ್ಲಿ ಹೇಳಿದ್ದನ್ನೇ ಇ-ಮೇಲಿನಲ್ಲೂ ಕಳಿಸಿ. ಏನಾಯಿತೋ ಅದನ್ನಷ್ಟೇ ಹೇಳಿ. "ಲೀಕ್ ಆಯಿತು" ಎಂಬುದು ನಮ್ಮ ನಾಲಿಗೆಯ ಮೇಲೆ ಸಿದ್ಧವಾಗಿರುವ ಮಾತು, ಎಲ್ಲದಕ್ಕೂ ಅದನ್ನೇ ಬಳಸುತ್ತೇವೆ. ತೊಟ್ಟಿ ಒಮ್ಮೆಗೇ ಬಿರಿದಿದ್ದರೆ ಬಿರಿಯಿತು ಎನ್ನಿ.

ಸರ್ವೇಯರ್ ಬಂದಾಗ

2024ರಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಗಳ ಪ್ರಕಾರ ಕಂಪನಿ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, 15 ದಿನದೊಳಗೆ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ತೀರ್ಮಾನವಾಗಬೇಕು. ದಾಖಲೆ ಕೊರತೆ ಎಂಬ ಒಂದೇ ಕಾರಣಕ್ಕೆ ಕ್ಲೈಮ್ ತಿರಸ್ಕರಿಸುವಂತಿಲ್ಲ. ಸರ್ವೇಯರ್ ಪರವಾನಗಿ ಪಡೆದ ಸ್ವತಂತ್ರ ವೃತ್ತಿಯವರು. ಅವರ ಜೊತೆ ಜಗಳ ಬೇಡ, ಅತಿ ವಿನಯವೂ ಬೇಡ.

ನನ್ನ ಮನೆಗೆ ಬಂದವರು ನಡುವಯಸ್ಸಿನ, ಕಡಿಮೆ ಮಾತಿನ ಮನುಷ್ಯ. ನೀರು ಬೇಕೇ ಎಂದರೆ ಬೇಡ ಎಂದರು. ನೇರವಾಗಿ ತೊಟ್ಟಿಯ ಬಳಿ ಮಂಡಿಯೂರಿ ಕೂತು, ಮುಂದಿನ ಎಡಮೂಲೆಯನ್ನು ಉಗುರಿನಿಂದ ಕೆರೆದು, ಬೆರಳ ತುದಿಯ ಬಿಳಿ ಪುಡಿಯನ್ನು ನನಗೆ ತೋರಿಸಿದರು.

"ಈ ಗೆರೆ ಎಷ್ಟು ದಿನದ್ದು?"

ಸುಳ್ಳು ಹೇಳುವ ಆಸೆ ಆಗಲಿಲ್ಲ ಎಂದರೆ ಅದೇ ಸುಳ್ಳಾದೀತು. "ಎರಡು ತಿಂಗಳಿಂದ ಕಾಣುತ್ತಿತ್ತು ಸರ್. ನೀರು ಬದಲಿಸುವಾಗ ಚೆಲ್ಲಿದ್ದು ಎಂದುಕೊಂಡಿದ್ದೆ" ಎಂದೆ. ಅವರು ಬರೆದುಕೊಂಡರು. ನನ್ನ ಕ್ಲೈಮ್ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಆದರೆ ಬಿಟ್ಟಿದ್ದು ಹಿಂಬದಿಯ ಬಲಮೂಲೆಯ ಅಂಟು. ಅಲ್ಲಿ ಬಿಳಿ ಗೆರೆ ಇರಲಿಲ್ಲ. "ಇಲ್ಲಿ ಮೊದಲು ಹೇಗಿತ್ತು, ಫೋಟೋ ಇದೆಯೇ?" ಎಂದು ಕೇಳಿದರು. ಮೂಲೆಗಳ ಫೋಟೋ ನಾನೆಂದೂ ತೆಗೆದಿರಲಿಲ್ಲ. ಒಳಗಿದ್ದ ಮಗಳು ತನ್ನ ಹುಟ್ಟುಹಬ್ಬದ ಚಿತ್ರ ತಂದಳು. ಘಟನೆಗೆ ಹತ್ತು ದಿನ ಹಿಂದಿನದು. ಕೇಕಿನ ಹಿಂದೆ, ಅವಳ ಕಿವಿಯ ಪಕ್ಕದಲ್ಲಿ, ಆ ಬಲಮೂಲೆ ದೀಪದ ಬೆಳಕಿನಲ್ಲಿ ಸ್ವಚ್ಛವಾಗಿ ಒಣಗಿ ನಿಂತಿತ್ತು. ಅವರು ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿ, "ಇದನ್ನು ಇ-ಮೇಲಿಗೆ ಹಾಕಿ" ಎಂದಷ್ಟೇ ಹೇಳಿ ಎದ್ದರು.

ಎರಡು ಮೂಲೆಗಳನ್ನು ಅವರು ವರದಿಯಲ್ಲಿ ಬೇರ್ಪಡಿಸಿದ್ದರು. ಎಡಗಡೆಯ ಗೋಡೆಯ ಬುಡದ ಬೂಷ್ಟು ಹಳೆಯದು, ಅದಕ್ಕೆ ಹಣವಿಲ್ಲ. ಬಾಗಿಲಿನ ಚೌಕಟ್ಟು ಮತ್ತು ಗೋಡೆಯ ಮರದ ಹಲಗೆಗಳ ಹಾನಿ ಹಠಾತ್ತನೆ ಆದದ್ದು, ಅದಕ್ಕೆ ಹಣವಿದೆ. ನಾನು ಅವರ ಜಾಗದಲ್ಲಿದ್ದರೂ ಹಾಗೆಯೇ ಬರೆಯುತ್ತಿದ್ದೆ.

ಅವರು ಬರುವ ಹೊತ್ತಿಗೆ ಸಿದ್ಧವಿರಬೇಕಾದದ್ದು: ವಸ್ತುವಿನ ಹೆಸರು, ಕೊಂಡ ವರ್ಷ, ಕೊಂಡ ಬೆಲೆ, ಈಗಿನ ಬೆಲೆ ಬರೆದ ಒಂದು ಹಾಳೆ, ಬಡಗಿಯಿಂದಲೂ ಪೇಂಟರನಿಂದಲೂ ಬರೆಸಿದ, ಅಳತೆ ಮತ್ತು ದರ ಇರುವ ಅಂದಾಜು ಪಟ್ಟಿ, ಬಿಲ್ಲುಗಳು, ಇಲ್ಲದಿದ್ದರೆ ಪಾವತಿಯ ಮೊಬೈಲ್ ದಾಖಲೆ. "ಒಟ್ಟು ಕೆಲಸಕ್ಕೆ ಇಷ್ಟು" ಎಂಬ ಬಡಗಿಯ ಚೀಟಿ ನಡೆಯುವುದಿಲ್ಲ.

ಇಲ್ಲ ಎಂದರೆ

ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ಕೇಳಿ. ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಐಆರ್‌ಡಿಎಐಯ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲಿ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿಯ ಬಳಿ ಹೋಗಿ. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನಲ್ಲಿದೆ, ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಪರಿಹಾರದ ಮಿತಿ 50 ಲಕ್ಷ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿ ಬರುವ ಆದೇಶಕ್ಕೆ ಕಂಪನಿ ಬದ್ಧ. ಬೇಡವೆಂದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ಅದಕ್ಕೆ ಎರಡು ವರ್ಷದ ಗಡುವು. ಒಂದೇ ವಿಷಯಕ್ಕೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ.

ನನ್ನ ಕ್ಲೈಮ್ ಅಷ್ಟು ದೂರ ಹೋಗಲಿಲ್ಲ. ಕೆಳಮನೆಯ ಚಾವಣಿಗೆ ಪ್ಲಾಸ್ಟರು, ಬಣ್ಣ ನನ್ನ ಜೇಬಿನಿಂದಲೇ ಆಯಿತು. ಬಣ್ಣ ಆರಿಸುವ ಹಕ್ಕನ್ನು ಅಮ್ಮನಿಗೆ ಬಿಟ್ಟೆ, ಅವರು ತಿಳಿನೀಲಿ ಹಾಕಿಸಿದರು. ಗೌರಮ್ಮನನ್ನು ಕಿನ್ನಾಳಕ್ಕೆ ಕೊಂಡೊಯ್ದೆ, ಕಲಾವಿದರೊಬ್ಬರು ಹೊಸ ಕಿಟ್ಟ ಮೆತ್ತಿ ಬಣ್ಣ ಕೊಟ್ಟಿದ್ದಾರೆ. ಈಗ ಅವಳು ಮೇಲಿನ ಹಲಗೆಯಲ್ಲಿದ್ದಾಳೆ. ಆಸ್ಕರ್‌ಗಳನ್ನು ದೊಡ್ಡ ತೊಟ್ಟಿ ಇರುವ ಗೆಳೆಯರಿಗೆ ಕೊಟ್ಟೆ. ಹೊಸ ತೊಟ್ಟಿ ಎರಡು ಅಡಿಯದು, ಸಣ್ಣ ಮೀನುಗಳದು, ನಾಲ್ಕು ಕೊಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.